ಕೌದಿ ಪ್ರಶ್ನೆ: ಹೊಲಿಗೆ ಬರುತ್ತೆ, ಡಿಸೈನ್ ಎಲ್ಲಿಂದ ತರಲಿ?

ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಆದರೆ ಹಳೆ ಬಟ್ಟೆ ತುಂಡು ಜೋಡಿಸಿ ಹೊದಿಕೆ, ಅಂದರೆ ಕೌದಿ, ಹೊಲಿಯೋಣ ಅಂತ ಕೂತರೆ ತಲೆ ಖಾಲಿ. ಮೊಬೈಲಿನಲ್ಲಿ ರಾಶಿ ಫೋಟೊ ಸೇವ್ ಮಾಡಿಟ್ಟಿದ್ದೇನೆ, ಒಂದನ್ನೂ ಹೊಲಿದಿಲ್ಲ. ನಿಮಗೆ ಐಡಿಯಾ ಎಲ್ಲಿಂದ ಬರುತ್ತೆ?
– ಓದುಗರು, ಹಾವೇರಿ

ಫೋಟೊ ನೋಡುವುದನ್ನು ಸ್ವಲ್ಪ ದಿನ ಬಿಡಿ. ಅದರಲ್ಲಿರುವ ಬಟ್ಟೆ ನಿಮ್ಮ ಮನೆಯಲ್ಲಿ ಇಲ್ಲ, ಅಲ್ವಾ? ಟ್ರಂಕು ತೆಗೆದು ಹಳೆ ಬಟ್ಟೆಯನ್ನೆಲ್ಲ ನೆಲಕ್ಕೆ ಸುರುವಿ. ಬಣ್ಣ ನೋಡಿ ವಿಂಗಡಿಸಬೇಡಿ, ಎಷ್ಟು ಸವೆದಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ ವಿಂಗಡಿಸಿ. ಸೀರೆಯ ಒಡಲು ಬೇಗ ಪಿಸಿಯುತ್ತದೆ, ದಡಿ ಗಟ್ಟಿ ಉಳಿಯುತ್ತದೆ. ಪಿಸಿದದ್ದು ಒಳಪದರಕ್ಕೆ, ಗಟ್ಟಿಯದ್ದು ಮೇಲಕ್ಕೆ. ಇಷ್ಟು ಮಾಡುವಷ್ಟರಲ್ಲಿ ಅರ್ಧ ಡಿಸೈನ್ ಆಗಿಯೇ ಹೋಗಿರುತ್ತದೆ.

ನನ್ನ ಮಟ್ಟಿಗೆ ದೊಡ್ಡ ಗುರುಗಳು ಅಂದರೆ ಉತ್ತರ ಕನ್ನಡದ ಸಿದ್ದಿ ಹೆಂಗಸರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇದ್ದಾರೆ. ಇವರ ಹಿರಿಯರು ಆಫ್ರಿಕಾದವರು, ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಕೌದಿ ನೋಡಿದರೆ ಸಾಲದು, ಹೊಲಿಯುವುದನ್ನು ನೋಡಬೇಕು. ತಳಕ್ಕೆ ಒಂದು ಸೀರೆ ಹಾಸಿ, ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚಿನ ಗುಂಟ ತುಂಡು ಇಡುತ್ತಾ, ಅದರ ಬದಿ ಒಳಕ್ಕೆ ಮಡಚಿ ಸಾದಾ ರನ್ನಿಂಗ್ ಹೊಲಿಗೆ ಹಾಕುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಪೆನ್ಸಿಲ್ ಗೆರೆ ಇಲ್ಲ, ಟೇಪು ಇಲ್ಲ. ಮುಂದಿನ ತುಂಡು ಯಾವುದು ಅನ್ನುವುದು ಈ ತುಂಡು ಕೂತ ಮೇಲೇ ತೀರ್ಮಾನ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನಗಳು. ಅದಕ್ಕೆ ಫುಲ ಅನ್ನುತ್ತಾರೆ, ಅಂದರೆ ಹೂವು. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ! ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ಹಾಗಾಗಿ ಕೆಲವು ಕೌದಿಯಲ್ಲಿ ಶಿಲುಬೆ, ಕೆಲವದರಲ್ಲಿ ಅರ್ಧಚಂದ್ರ ಸುಮ್ನೆ ಒಂದು ತುಂಡಿನ ಹಾಗೆ ಬಂದು ಕೂತಿರುತ್ತದೆ.

ನೀವೂ ಅಂಚಿನಿಂದ ಶುರು ಮಾಡಿ ನೋಡಿ. ಪೂರ್ತಿ ಚಿತ್ರ ತಲೆಯಲ್ಲಿ ಇರಲೇಬೇಕು ಅನ್ನುವ ಹೆದರಿಕೆ ಅರ್ಧ ಹೋಗುತ್ತದೆ.

ಈ ವರ್ಷ ನಿಮ್ಮ ಗುರಿ ಏನು? ಇಷ್ಟು ಕೌದಿ ಮುಗಿಸಬೇಕು ಅಂತ ಲೆಕ್ಕ ಇಟ್ಟುಕೊಳ್ಳುತ್ತೀರಾ?
– ಓದುಗರು, ಬೆಂಗಳೂರು

ಇಲ್ಲಪ್ಪ. ಲೆಕ್ಕ ಇಟ್ಟರೆ ಕೈ ಗಡಿಬಿಡಿ ಮಾಡುತ್ತದೆ, ಅಕ್ಕಿಕಾಳಿನಷ್ಟಿರಬೇಕಾದ ಹೊಲಿಗೆ ಹುಣಸೆಬೀಜದಷ್ಟಾಗುತ್ತದೆ. ಅದರ ಬದಲು ಒಂದೊಂದು ಕೌದಿಗೆ ಒಂದೊಂದು ಕಟ್ಟು ಹಾಕಿಕೊಳ್ಳುತ್ತೇನೆ. ಈಗಿನದಕ್ಕೆ ಕತ್ತರಿ ಮುಟ್ಟುವ ಹಾಗಿಲ್ಲ. ಹತ್ತಿ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಚೂರು ಸೀಳಿ ಎಳೆದರೆ ನೂಲಿನ ಗುಂಟ ಪರ್‍ ಅಂತ ನೆಟ್ಟಗೆ ಹರಿಯುತ್ತದೆ. ಆಗ ಪಟ್ಟಿ ಮತ್ತು ಚೌಕ ಮಾತ್ರ ಸಿಗುತ್ತವೆ, ತ್ರಿಕೋನ ಬೇಕಂದರೆ ಚೌಕವನ್ನೇ ಮಡಚಬೇಕು. ಕೈ ಕಟ್ಟಿಹಾಕಿದಷ್ಟೂ ತಲೆ ಓಡುತ್ತದೆ, ನೋಡಿ.

ಇನ್ನೊಂದು ಹಳೆ ಆಸೆ ಇದೆ. ಕಸೂತಿಯ ಗವಂತಿಯನ್ನು ಕೌದಿಗೆ ತರಬೇಕು. ಗವಂತಿ ಅಂದರೆ ಒಮ್ಮೆ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುವ ಹೊಲಿಗೆ, ಹಿಂದೆ ಮುಂದೆ ಎರಡೂ ಕಡೆ ಒಂದೇ ತರ ಕಾಣುತ್ತದೆ, ಗಂಟೂ ಹಾಕುವುದಿಲ್ಲ. ಕೌದಿಗೆ ಇದಕ್ಕಿಂತ ಒಪ್ಪುವ ಹೊಲಿಗೆ ಉಂಟಾ? ತೊಂದರೆ ಏನಂದರೆ ಕಸೂತಿ ನಡೆಯುವುದು ಬಟ್ಟೆಯ ಎಳೆ ಎಣಿಸಿಕೊಂಡು. ಕೌದಿಯಲ್ಲಿ ಪ್ರತಿ ತುಂಡಿನ ಎಳೆಯೂ ಬೇರೆ, ಒಂದು ಕಡೆ ದಪ್ಪ ಖಾದಿ, ಪಕ್ಕದಲ್ಲೇ ತೆಳ್ಳನೆ ಧೋತರ. ಎಣಿಕೆ ಪ್ರತಿ ಗಡಿಯಲ್ಲೂ ತಪ್ಪುತ್ತದೆ. ಸದ್ಯಕ್ಕೆ ಒಂದೇ ಧೋತರದ ದೊಡ್ಡ ತುಂಡು ನಡುವಿಗೆ ಹಾಕಿ ಅದರ ಮೇಲೆ ಮಾತ್ರ ಗವಂತಿಯಲ್ಲಿ ಒಂದು ಗೋಪುರದ ಚಿತ್ತಾರ ಎಬ್ಬಿಸುತ್ತಿದ್ದೇನೆ. ಅಷ್ಟಾದರೂ ಈ ವರ್ಷ ಮುಗಿದರೆ ಹಬ್ಬ.

ಇಲ್ಲಿ ಒಂದು ಹೊಲಿಗೆ ಗುಂಪಿಗೆ ಸೇರಿದ್ದೇನೆ. ನನ್ನ ಕೌದಿ ನೋಡಿ, ಮೂಲೆಗೆ ಮೂಲೆ ಕೂತಿಲ್ಲ, ಗೆರೆ ಸೊಟ್ಟ ಅಂದರು. ತುಂಬಾ ಬೇಜಾರಾಯಿತು.
– ಓದುಗರು, ಹ್ಯೂಸ್ಟನ್

ಅವರಿಗೆ ಅವರ ಊರಿನ ಕಥೆಯನ್ನೇ ಹೇಳಿ. ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ನದಿ ತಿರುವಿನ ಒಂದು ಸಣ್ಣ ಊರು. ಅಲ್ಲಿಯ ಕಪ್ಪು ಹೆಂಗಸರು, ಹಿಂದೆ ಹತ್ತಿ ತೋಟದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು, ಹೊಲದಲ್ಲಿ ಹಾಕಿ ಸವೆದ ಪ್ಯಾಂಟು ಶರ್ಟುಗಳಲ್ಲೇ ಕ್ವಿಲ್ಟ್, ಅಂದರೆ ಅವರ ಕೌದಿ, ಹೊಲಿಯುತ್ತಿದ್ದರು. ಮೊಣಕಾಲಿನ ಹತ್ತಿರ ಬಣ್ಣ ಮಾಸಿದ ಜೀನ್ಸ್ ತುಂಡೂ ಹಾಗೇ ಇರುತ್ತದೆ. ಪಟ್ಟಿಗಳು ವಾಲುತ್ತವೆ, ಅಗಲ ಒಂದೇ ಸಮ ಇರುವುದಿಲ್ಲ. 2002ರಲ್ಲಿ ಆ ಕ್ವಿಲ್ಟ್‌ಗಳ ದೊಡ್ಡ ಪ್ರದರ್ಶನ ಮೊದಲು ಆದದ್ದು ನಿಮ್ಮ ಹ್ಯೂಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲೇ! ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಹೋಯಿತು. 2006ರಲ್ಲಿ ಅಂಚೆಚೀಟಿಯೂ ಬಂತು.

ಆದರೂ ಗುಂಪು ಬಿಡಬೇಡಿ. ಮೂಲೆ ಕೂರಿಸುವುದೂ ಒಂದು ವಿದ್ಯೆಯೇ, ಅದನ್ನು ಅವರಿಂದ ಕಲಿತುಕೊಳ್ಳಿ. ಬೇಕಂತ ಸೊಟ್ಟ ಹೊಲಿಯುವುದಕ್ಕೂ ಬಾರದೇ ಸೊಟ್ಟ ಆಗುವುದಕ್ಕೂ ವ್ಯತ್ಯಾಸ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಸಿದ್ದಿ ಕೌದಿಯ ತರ ಹೊಲಿದು ಮಾರಬಹುದಾ?
– ಓದುಗರು, ಹುಬ್ಬಳ್ಳಿ

ಕಲಿಯುವುದಕ್ಕೆ ಹೊಲಿಯಿರಿ, ಮನೆಯಲ್ಲಿ ಹೊದೆಯಿರಿ. ಸಿದ್ದಿ ಕೌದಿ ಅಂತ ಚೀಟಿ ಹಚ್ಚಿ ಮಾರಬೇಡಿ, ಅದು ಅವರ ಅನ್ನ. ಯಾರಾದರೂ ಅಂಥದ್ದೇ ಬೇಕು ಅಂತ ಬಂದರೆ ಅವರನ್ನು ಹಳಿಯಾಳದ ದಾರಿಗೆ ಹಚ್ಚಿ.

ಮನೆಯಲ್ಲಿ ಇರುವುದೆಲ್ಲ ಪಾಲಿಯೆಸ್ಟರ್ ಸೀರೆ. ನಡೆಯುತ್ತಾ?
– ಓದುಗರು, ತುಮಕೂರು

ಹೊದೆಯುವುದಕ್ಕೆ ಬೇಡ. ಪದರ ಜಾರುತ್ತದೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ಬಾಗಿಲ ಮುಂದೆ ಹಾಸುವುದಕ್ಕೆ, ಕಾರಿನ ಡಿಕ್ಕಿಗೆ ಆದೀತು. ಹತ್ತಿಯೇ ಬೇಕಂದರೆ ಪಕ್ಕದ ಮನೆ ಅಜ್ಜಿಯರನ್ನು ಕೇಳಿ, ಹಳೆ ಸೀರೆ ಯಾರಾದರೂ ಒಯ್ದರೆ ಸಾಕು ಅಂತ ಕಾಯುತ್ತಿರುತ್ತಾರೆ.