ಬಿಸಿಲಿಗೆ ಕಪ್ಪಾಗುವ ಕನ್ನಡಕ ಮೋಡದ ದಿನವೂ ಯಾಕೆ ಕಪ್ಪಾಗುತ್ತದೆ?

ತೀರ್ಥಹಳ್ಳಿಯಲ್ಲಿ ಮೋಡ ಕವಿದ ದಿನವೂ ಕನ್ನಡಕ ಕಪ್ಪಾಗುತ್ತದೆ, ಶಿವಮೊಗ್ಗದ ಏಪ್ರಿಲ್ ಬಿಸಿಲಲ್ಲಿ ಅಷ್ಟು ಕಪ್ಪಾಗುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ಲೆನ್ಸ್ ಕೆಟ್ಟಿಲ್ಲ. ಅದರ ಗುಣವೇ ಹಾಗೆ.

ಈ ಲೆನ್ಸ್ ಮುಖ್ಯವಾಗಿ ಸ್ಪಂದಿಸುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣಕ್ಕೆ. ಮೋಡ ದಾಟಿಯೂ ಅದು ಸಾಕಷ್ಟು ಕೆಳಗೆ ಬರುತ್ತದೆ. ಈಗಿನ ಪ್ಲಾಸ್ಟಿಕ್ ಲೆನ್ಸ್‌ಗಳಲ್ಲಿ ನ್ಯಾಫ್ತೋಪೈರಾನ್‌ನಂಥ ವಸ್ತು ಇರುತ್ತದೆ. ಕಿರಣ ಬಿದ್ದಾಗ ಅದರ ಅಣುವಿನಲ್ಲಿ ಒಂದು ಬಂಧ ಮುರಿಯುತ್ತದೆ, ಮಡಚಿದ ಕೊಡೆ ಬಿಚ್ಚಿದ ಹಾಗೆ ಅಣು ಅಗಲವಾಗುತ್ತದೆ. ಬಿಚ್ಚಿದ ಅಣು ಕಾಣುವ ಬೆಳಕನ್ನೂ ಹೀರುತ್ತದೆ. ಅದಕ್ಕೇ ಲೆನ್ಸ್ ಕಪ್ಪು.

ಮತ್ತೆ ಮುಚ್ಚಿಕೊಳ್ಳಲು ಅಣುವಿಗೆ ಶಾಖ ಬೇಕು. ನನಗೆ ತುಂಬಾ ಇಷ್ಟವಾಗುವ ಭಾಗ ಇದೇ. ಸೆಕೆ ಜಾಸ್ತಿ ಇದ್ದರೆ ಬಿಸಿಲು ಒಂದು ಕಡೆ ಬಿಚ್ಚುತ್ತಿರುತ್ತದೆ, ಶಾಖ ಇನ್ನೊಂದು ಕಡೆ ಬೇಗ ಬೇಗ ಮುಚ್ಚುತ್ತಿರುತ್ತದೆ. ಹಾಗಾಗಿ ಪೂರ್ತಿ ಕಪ್ಪಾಗುವುದೇ ಇಲ್ಲ. ಮಲೆನಾಡಿನ ಚಳಿಯಲ್ಲಿ ಮುಚ್ಚುವ ಕೆಲಸ ನಿಧಾನ. ಬಣ್ಣ ಗಾಢವಾಗುತ್ತದೆ, ಮನೆಯೊಳಗೆ ಬಂದ ಮೇಲೂ ತಿಳಿಯಾಗಲು ಹೊತ್ತು ಹಿಡಿಯುತ್ತದೆ.

1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ತಂದ ಗಾಜಿನ ಲೆನ್ಸ್‌ನ ದಾರಿ ಬೇರೆ. ಅದರಲ್ಲಿ ಬೆಳ್ಳಿ ಲವಣದ ಸಣ್ಣ ಹರಳುಗಳಿರುತ್ತವೆ. ಬೆಳಕಿಗೆ ಅವುಗಳಲ್ಲಿ ಬೆಳ್ಳಿಯ ಕಣ ಮೂಡುತ್ತದೆ, ನೆರಳಿಗೆ ಬಂದರೆ ಮತ್ತೆ ಲವಣವಾಗುತ್ತದೆ.

ಇನ್ನೊಂದು ಮಾತು. ಕಾರಿನ ಮುಂದಿನ ಗಾಜು ಈ ಕಿರಣವನ್ನು ಬಹುಪಾಲು ತಡೆಯುತ್ತದೆ. ಆಗುಂಬೆ ಘಾಟಿಯಲ್ಲಿ ಬಿಸಿಲು ಎದುರಿಗೆ ಹೊಡೆದರೂ ಇದು ಹೆಚ್ಚು ಕಪ್ಪಾಗುವುದಿಲ್ಲ. ಗಾಡಿ ಓಡಿಸುವವರು ಬೇರೆ ಕೂಲಿಂಗ್ ಗ್ಲಾಸ್ ಇಟ್ಟುಕೊಳ್ಳಿ.