ಐವತ್ತು ರೂಪಾಯಿ ದಂಡಕ್ಕೆ ಯಾರು ಹೆದರುತ್ತಾರೆ?

ಪ್ರಶ್ನೆ: ನಮ್ಮೂರ ಹೊರಗಿನ ನಾಯಿ ಶೆಲ್ಟರ್‌ಗೆ ಹೋಗಿದ್ದೆ. ಒಂದೇ ಪಂಜರದಲ್ಲಿ ಹನ್ನೊಂದು ನಾಯಿ, ನೀರಿನ ಬಕೆಟ್ ತುಂಬಾ ಪಾಚಿ. ಕೇಳಿದರೆ ‘ಕೇಸ್ ಹಾಕ್ಕೊಳ್ಳಿ’ ಅಂದರು. ಇದಕ್ಕೆ ಕಾನೂನೇ ಇಲ್ವಾ?

ಉತ್ತರ: ಇದೆ, ಆದರೆ ಹಲ್ಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೈ ಆಡಿಸಲೂ ಜಾಗ ಇಲ್ಲದ ಪಂಜರದಲ್ಲಿ ಕೂಡಿಹಾಕುವುದು, ಸಾಕುವವರು ಅನ್ನ ನೀರು ಕೊಡದಿರುವುದು ಅಪರಾಧವೇ. ಮೊದಲ ಸಲದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ! ಒಂದು ಮಸಾಲೆ ದೋಸೆಯೂ ಬರಲ್ಲ. ಇದನ್ನು ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರಲ್ಲಿ ಜನರ ಮುಂದಿಟ್ಟು ಅಭಿಪ್ರಾಯವನ್ನೂ ಕೇಳಿತ್ತು.

ದಿಲ್ಲಿಗೇ ಕಾಯಬೇಕು ಅಂತೇನೂ ಇಲ್ಲ. ಈ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯವೇ ತಿದ್ದಬಹುದು. ಕಂಬಳ ಉಳಿಸೋಕೆ 2017ರಲ್ಲಿ ನಮ್ಮ ವಿಧಾನಸಭೆ ಇದೇ ಕಾಯ್ದೆಯನ್ನು ತಿದ್ದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಣಕ್ಕೆ ಆದದ್ದು ನಾಯಿಗೆ ಯಾಕಾಗಬಾರದು? (ಕೋಣಕ್ಕೆ ಅಭಿಮಾನಿಗಳು ಜಾಸ್ತಿ, ಅದು ಬೇರೆ ಮಾತು.)

ಹಾಗಾಗಿ ನಿಮ್ಮ ಶಾಸಕರಿಗೆ ಬರೆಯಿರಿ. ‘ಪ್ರಾಣಿಗಳಿಗೆ ದಯೆ ತೋರಿಸಿ’ ಅಂತ ಸುಮ್ನೆ ಬರೆದರೆ ಕಸದಬುಟ್ಟಿಗೇ ಹೋಗುತ್ತೆ. ಒಂದು ನಾಯಿಗೆ ಎಷ್ಟು ಅಡಿ ಜಾಗ, ವಾರಕ್ಕೆ ಎಷ್ಟು ಸಲ ಡಾಕ್ಟರ್, ದಂಡ ಎಷ್ಟಾಗಬೇಕು, ಇಷ್ಟನ್ನು ಕೇಳಿ. ತಾರೀಖು ಇರುವ ಫೋಟೋ ಇಡಿ. ಶೆಲ್ಟರ್ ನಗರಸಭೆಯದಾದರೆ ಮೊದಲು ಆರ್‌ಟಿಐ ಹಾಕಿ: ಬಂದ ನಾಯಿ ಎಷ್ಟು, ಸತ್ತದ್ದು ಎಷ್ಟು? ಆ ಪಾಚಿ ಬಕೆಟ್‌ನ ಫೋಟೋ ತೆಗೆದಿದ್ದೀರಿ, ಅಲ್ವಾ?