2003ರ ಬಾಕ್ಸ್‌ಸ್ಟರ್: ಎಕ್ಸಾಸ್ಟ್‌ಗಿಂತ ಮೊದಲು ಆಯಿಲ್ ಸೋರಿಕೆ ನೋಡಿ

ಕೊಳ್ಳಬೇಕೆಂದು ನೋಡಿಬಂದ 2003ರ ಪೋರ್ಷೆ ಬಾಕ್ಸ್‌ಸ್ಟರ್ ಎಸ್ ಸ್ಪೋರ್ಟ್ಸ್ ಕಾರಿನ ಆಯಿಲ್ ಸೋರಿಕೆಯ ಬಗ್ಗೆ, ಅದಕ್ಕೆ ಹೊಸ ಎಕ್ಸಾಸ್ಟ್ ಮತ್ತು 19 ಇಂಚಿನ ಚಕ್ರ ಹಾಕಿಸುವ ಬಗ್ಗೆ ಕೇಳಿದ್ದೀರಿ. ಆ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿರುವುದಕ್ಕೆ ಬಹುಮಟ್ಟಿಗೆ ಕ್ರ್ಯಾಂಕ್‌ಶಾಫ್ಟ್‌ನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂಬದಿಯಲ್ಲಿ ಆಯಿಲ್ ತಡೆಯುವ ಸೀಲ್ ಕಾರಣವಾಗಿರುತ್ತದೆ; ಆದರೆ ಅದರ ಸಮೀಪದಲ್ಲೇ ಇರುವ ಐಎಂಎಸ್ ಬೇರಿಂಗ್‌ನ (ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡಕ್ಕೆ ಆಧಾರವಾದ ಬೇರಿಂಗ್) ಮುಚ್ಚಳದಿಂದಲೂ ಹೀಗೆಯೇ ಸೋರಬಹುದಾದ್ದರಿಂದ, ಗೇರ್‌ಬಾಕ್ಸ್ ಇಳಿಸದೆ ಎರಡರಲ್ಲಿ ಯಾವುದೆಂದು ಖಚಿತವಾಗಿ ಹೇಳಲಾಗದು. ಸೀಲ್ ಅಗ್ಗದ ಭಾಗ. ಬೇರಿಂಗ್ ಮುರಿದರೆ ಇಡೀ ಎಂಜಿನ್ನೇ ಹಾಳಾಗುತ್ತದೆ.

ಮುಂಗಡ ಕೊಡುವ ಮೊದಲು ಮಾರುವವರ ಒಪ್ಪಿಗೆ ಪಡೆದು ಆಯಿಲ್ ಫಿಲ್ಟರ್ ತೆಗೆಸಿ, ಅದರ ಕಾಗದದ ಮಡಿಕೆಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಬಿಡಿಸಿಟ್ಟು, ಒಂದು ಅಯಸ್ಕಾಂತವನ್ನು ಹತ್ತಿರ ಹಿಡಿಯಿರಿ. ಹೊಳೆಯುವ ಉಕ್ಕಿನ ಚೂರುಗಳು ಅಂಟಿಕೊಂಡರೆ ಆ ಬೇರಿಂಗ್ ಸವೆಯುತ್ತಿರಬಹುದು; ಬೆಲೆ ಎಷ್ಟೇ ಇಳಿಸಿದರೂ ಆ ಕಾರು ಬೇಡ. ಕಪ್ಪು ಪ್ಲಾಸ್ಟಿಕ್ ಚೂರುಗಳು ಸಾಮಾನ್ಯವಾಗಿ ಟೈಮಿಂಗ್ ಚೈನ್‌ನ ಪ್ಯಾಡ್‌ಗಳು ಸವೆದು ಬಂದಂಥವು. ಒಂದೆರಡು ಕಂಡರೆ ಗಾಬರಿಯಾಗಬೇಕಿಲ್ಲ.

ಫಿಲ್ಟರ್ ಶುದ್ಧವಾಗಿದ್ದರೆ, ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ಬೆಲೆಯಲ್ಲಿ ಕಳೆಯಿಸಿಕೊಂಡು ಕ್ಲಚ್, ಸೀಲ್, ಬೇರಿಂಗ್ ಮೂರನ್ನೂ ಒಂದೇ ಸಲಕ್ಕೆ ಬದಲಾಯಿಸಿ. ನಾನೂ ಇದೇ ಕ್ರಮದಲ್ಲಿ ಮಾಡಿಸಿದ್ದೇನೆ. ನೀವು ಕೇಳಿರುವ ಎಕ್ಸಾಸ್ಟ್ ಮತ್ತು 19 ಇಂಚಿನ ಚಕ್ರಗಳಿಗಿಂತ ಮೊದಲು ಹೊಸ ಟೈರ್, ಬ್ರೇಕ್ ಫ್ಲೂಯಿಡ್, ಸಸ್ಪೆನ್ಷನ್ ಬುಷ್‌ಗಳಿಗೆ ಹಣ ಹಾಕಿ. ಚಕ್ರ ಬದಲಾಯಿಸಲೇಬೇಕೆಂದಿದ್ದರೆ 18 ಇಂಚಿಗೆ ನಿಲ್ಲಿಸಿ.